ಸವಣೂರೆಂಬ ಪರದೇಶದಲ್ಲಿ ನನ್ನ ಒಂದೇ ವಿಕೆಟ್ಟು

ಹಾನಗಲ್

ಪರದೇಶಕ್ಕೆ ಹೋಗಿ ಬಂದವರು ಬರೆದದ್ದನ್ನು ನಾನು ಸಾಕಷ್ಟು ಓದಿದ್ದೇನೆ. ಹಡಗಿನಲ್ಲಿ ವಾಂತಿಯಾಯಿತು, ಲಂಡನ್ನಿನಲ್ಲಿ ಮಂಜು ಕವಿದಿತ್ತು, ಊಟದಲ್ಲಿ ಖಾರವೇ ಇರಲಿಲ್ಲ. ಎಲ್ಲರದೂ ಇದೇ ಹಾಡು. ನನಗೂ ವಾಂತಿಯಾಗಿದೆ, ಆದರೆ ಬಸ್ಸಿನಲ್ಲಿ. ಖಾರವಂತೂ ಬೇಕಾದ್ದಕ್ಕಿಂತ ಹೆಚ್ಚೇ ಸಿಕ್ಕಿದೆ. ನಾನು ಹೋದ ಪರದೇಶ ಸವಣೂರು.

ನಗಬೇಡಿ. ಎರಡನೆಯ ಮಹಾಯುದ್ಧ ನಡೆದಿದ್ದ ಆ ದಿನಗಳಲ್ಲಿ ನಮ್ಮ ಹಾನಗಲ್ಲು ಇಂಗ್ಲಿಷರ ಸರಕಾರದ್ದು, ಮುಂಬಯಿ ಇಲಾಖೆಗೆ ಸೇರಿದ್ದು. ಸವಣೂರು ನವಾಬರ ಸಂಸ್ಥಾನ. ಅಲ್ಲಿಯ ಕಚೇರಿ ಬೇರೆ, ದರಬಾರು ಬೇರೆ. ಬೆಳಿಗ್ಗೆ ಹಾನಗಲ್ಲಿನಲ್ಲಿ ರೊಟ್ಟಿ ತಿಂದು ಹೊರಟವನು ಬಿಸಿಲೇರುವುದರೊಳಗೆ ಇನ್ನೊಬ್ಬರ ರಾಜ್ಯದಲ್ಲಿ ನೀರು ಕೇಳುತ್ತಿದ್ದ. ಇದು ಪರದೇಶವಲ್ಲದಿದ್ದರೆ ಇನ್ನಾವುದು ಪರದೇಶ, ನೀವೇ ಹೇಳಿ.

ನಾನು ಹೋದದ್ದು ಕ್ರಿಕೆಟ್ ಆಡಲು. ನನ್ನ ಹೆಸರು ಶಿವಬಸಪ್ಪ, ಬೆಲ್ಲ ಮತ್ತು ಅಡಿಕೆಯ ಅಡತಿ ಅಂಗಡಿ ನನ್ನದು. ಹಾನಗಲ್ ತಂಡದಲ್ಲಿ ನಾನು ಬದಲಿ ಬೌಲರ್. ಎಂದರೆ, ಮೊದಲಿನ ಇಬ್ಬರು ಬೌಲರುಗಳು ದಣಿದು ನಾಲಿಗೆ ಹೊರಗೆ ಹಾಕಿದ ಮೇಲೆ, ಎದುರಾಳಿಗಳು ಬೇರುಬಿಟ್ಟು ನಿಂತ ಮೇಲೆ, ನಮ್ಮ ನಾಯಕರಾದ ವಕೀಲ ದೇಸಾಯರು ಆಕಾಶ ನೋಡಿ, "ಶಿವಬಸಪ್ಪಾ, ಇನ್ನ ನೀವ ಬರ್ರಿ" ಅನ್ನುತ್ತಿದ್ದರು. ಡಾಕ್ಟರು ಕೈಬಿಟ್ಟ ಮೇಲೆ ತಾಯಿತ ಕಟ್ಟುವವನನ್ನು ಕರೆಯುತ್ತಾರಲ್ಲ, ಆ ದನಿಯಲ್ಲಿ.

ಆ ವರ್ಷದ ನನ್ನ ಲೆಕ್ಕ ಹೀಗಿತ್ತು. ಆರು ಪಂದ್ಯಗಳಲ್ಲಿ ನಾಲ್ಕರಲ್ಲಿ ನನ್ನನ್ನು ಕರೆದರು, ಆ ನಾಲ್ಕನ್ನೂ ನಾವು ಗೆದ್ದೆವು. ನನ್ನನ್ನು ಕರೆಯದ ಎರಡನ್ನೂ ಸೋತೆವು. ನಾನು ಕೊಟ್ಟ ರನ್ನು ನೂರಾ ಎಂಬತ್ತೇಳು. ತೆಗೆದ ವಿಕೆಟ್ಟು ಸೊನ್ನೆ.

ಇದು ಹೇಗೆ ಎಂದು ಕೇಳುವವರಿಗೆ ಹೇಳುತ್ತೇನೆ. ಬೆಲ್ಲದ ದೊಡ್ಡ ಉಂಡೆಯನ್ನು, ನಮ್ಮ ಕಡೆಯ ಪೆಂಟೆಯನ್ನು, ಚಕ್ಕಡಿಯ ಮೇಲೆ ನಿಂತವನಿಗೆ ಎಸೆದು ಎಸೆದು ನನ್ನ ಕೈಗೆ ಒಂದೇ ವರಸೆ ಗೊತ್ತು. ಮೆಲ್ಲಗೆ, ಎತ್ತರಕ್ಕೆ, ಯಾರಿಗೂ ಪೆಟ್ಟಾಗದ ಹಾಗೆ. ಇಂಥ ಚೆಂಡನ್ನು ಕಂಡರೆ ಎದುರು ನಿಂತವನಿಗೆ ಮದುವೆ ಊಟ ಕಂಡಂತೆ ಆಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಕಡೆ ಗೂಟದ ಹತ್ತಿರ ನಿಂತವನಿಗೆ ತನ್ನ ಪಾಳಿ ಎಲ್ಲಿ ತಪ್ಪಿಹೋಗುತ್ತದೋ ಎಂಬ ಹೊಟ್ಟೆಯುರಿ. ಇವನು ಬೇಡ ಅಂದರೂ ಅವನು ಓಡುತ್ತಿದ್ದ. ಇಬ್ಬರೂ ನಡುದಾರಿಯಲ್ಲಿ ನಿಂತು ಜಗಳಾಡುವಾಗ ನಮ್ಮವರು ನಿಧಾನಕ್ಕೆ ಚೆಂಡು ತಂದು ಗೂಟ ಕೆಡವುತ್ತಿದ್ದರು. ಅತಿ ಆಸೆ ಗತಿ ಕೇಡು ಅಂತ ಸುಮ್ಮನೆ ಹೇಳಿಲ್ಲ. ಹತ್ತಿಮತ್ತೂರಿನ ಪಂದ್ಯ ಒಂದರಲ್ಲೇ ಐದು ಮಂದಿ ಹೀಗೆ ಹೋದರು. ಎಲ್ಲ ಕೂಡಿ ಹದಿಮೂರು. ಆದರೆ ಕ್ರಿಕೆಟ್ಟಿನ ಕಾಯಿದೆ ಎಂಥದೆಂದರೆ, ರನ್‌ಔಟ್ ಆದವನು ಬೌಲರನ ಲೆಕ್ಕಕ್ಕೆ ಬರುವುದಿಲ್ಲ. ಅವನು ತನ್ನ ಕರ್ಮದಿಂದ ಹೋದವನು.

ನಮ್ಮ ಅಂಕಿ ಬರೆಯುವವರು ಜೋಶಿ ಮಾಸ್ತರು, ಸಾಲೆಯಲ್ಲಿ ಗಣಿತ ಕಲಿಸುವವರು. ನನ್ನಿಂದ ಅವರ ನಿದ್ದೆ ಕೆಟ್ಟಿತ್ತು.

"ಶಿವಬಸಪ್ಪನವರ, ಬೌಲರನ ಸರಾಸರಿ ತಗೀಬೇಕಂದ್ರ ಕೊಟ್ಟ ರನ್ನನ್ನ ತಗೊಂಡ ವಿಕೇಟಿಲೆ ಭಾಗಿಸಬೇಕ್ರಿ. ನೂರಾ ಎಂಬತ್ತೇಳನ್ನ ಸೊನ್ನಿಲೆ ಹೆಂಗ ಭಾಗಿಸಲಿ? ನಿಮಗ ಗಣಿತದಾಗ ಜಾಗಾನ ಇಲ್ರಿ."

"ಹೋಗಲಿ ಬಿಡ್ರಿ ಮಾಸ್ತರ, ಅಂಗಡ್ಯಾಗ ಐತಿ" ಅಂದೆ.

ಇಷ್ಟೇ ಆಗಿದ್ದರೆ ನಾನು ನಗುತ್ತಾ ಇದ್ದುಬಿಡುತ್ತಿದ್ದೆ. ಆದರೆ ಮನೆಯಲ್ಲಿ ಅವ್ವ ಇದ್ದಳು. ದಸರೆಯ ಹೊತ್ತಿಗೆ ನಮ್ಮ ಓಣಿಯ ಒಬ್ಬ ಹುಡುಗ ಐದು ವಿಕೆಟ್ಟು ತೆಗೆದ ಅಂತ ಅವನ ಕೊರಳಿಗೆ ಹಾರ ಹಾಕಿ ಮೆರೆಸಿದರು. ಬನ್ನಿ ಕೊಡಲು ಬಂದ ಹೆಂಗಸರೆಲ್ಲ ಅದೇ ಮಾತು. ಅವ್ವ ನನ್ನನ್ನು ಕರೆದು ಕೇಳಿದಳು.

"ನಿನಗೆಷ್ಟೋ?"

"ನನ್ನ ಪಾಳ್ಯಾಗ ಮಂದಿ ಭಾಳ ಔಟಾಗ್ಯಾರವ್ವ."

"ನಿನ್ನ ಹೆಸರೀಲೆ ಎಷ್ಟು ಬರದಾರ?"

"ಒಂದೂ ಇಲ್ಲ."

"ಮೂರು ಗೂಟ ಕೆಡವಾಕ ಆಗೂದಿಲ್ಲೇನೋ ನಿನಗ? ನಮ್ಮ ಎಮ್ಮಿ ದಿನಾ ಒಂದು ಗೂಟ ಕೀಳತೈತಿ. ಅದಕ್ಕ ಯಾರೂ ಕಲಿಸಿಲ್ಲ."

ಅಂದವಳೇ ವೀರಭದ್ರ ದೇವರ ಮುಂದೆ ಕೈಮುಗಿದು ಹರಕೆ ಹೊತ್ತುಬಿಟ್ಟಳು. ಮಗ ತನ್ನ ಹೆಸರಿನಲ್ಲಿ ಒಂದು ವಿಕೆಟ್ಟು ತೆಗೆಯುವ ತನಕ ಬಾಯಿಗೆ ಸಿಹಿ ಮುಟ್ಟಿಸುವುದಿಲ್ಲ ಅಂತ. ಹೋಳಿಗೆ ಅಂದರೆ ಪ್ರಾಣ ಬಿಡುವ ಹೆಂಗಸು! ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು, ಹೋಳಿಹುಣ್ಣಿಮೆ ಹೋಯಿತು. ನನ್ನ ಹೆಂಡತಿ ಗಂಗವ್ವ ಕಾಲು ಹಿಡಿದು ಬೇಡಿಕೊಂಡಳು, ಆಗಲಿಲ್ಲ. ಯುಗಾದಿಯ ದಿನ ನಾವೆಲ್ಲ ಬೇವು-ಬೆಲ್ಲ ತಿಂದರೆ ಅವ್ವ ಬರೀ ಬೇವು ತಿಂದಳು. ಬೆಲ್ಲದ ಅಂಗಡಿಯವನ ತಾಯಿ, ಕಣ್ಣುಮುಚ್ಚಿ ಹಸಿ ಬೇವಿನ ಸೊಪ್ಪು ಅಗಿಯುತ್ತಿದ್ದರೆ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಂದಿನಿಂದ ನಾನೂ ಹೋಳಿಗೆ ಮುಟ್ಟಲಿಲ್ಲ. ಆ ವರ್ಷದ ಕೊನೆಯ ಪಂದ್ಯ ಸವಣೂರಿನಲ್ಲಿ. ಅದು ಮುಗಿದರೆ ಮಳೆಗಾಲ, ಮತ್ತೆ ಆಟವೆಂದರೆ ದಸರೆಗೇ. ಅವ್ವನಿಗೆ ಎಪ್ಪತ್ತು ದಾಟಿತ್ತು.

ಶಿಗ್ಗಾಂವಿ

ಯುದ್ಧದ ಕಾಲದಲ್ಲಿ ಪೆಟ್ರೋಲು ಇರಲಿಲ್ಲ, ಬಸ್ಸು ಇದ್ದಿಲಿನ ಹೊಗೆಯಿಂದ ಓಡುತ್ತಿತ್ತು. ಹಿಂದುಗಡೆ ಒಂದು ದೊಡ್ಡ ಒಲೆ. ಅದಕ್ಕೆ ಇದ್ದಿಲು ತುಂಬಿ, ಹಿಡಿಕೆ ತಿರುವಿ ಗಾಳಿ ಹಾಕಿದರೆ ಬಸ್ಸಿಗೆ ಜೀವ ಬರುತ್ತಿತ್ತು. ಏರು ಬಂದರೆ ಪ್ರಯಾಣಿಕರೆಲ್ಲ ಇಳಿದು ನೂಕಬೇಕು. ಹಡಗಿನಲ್ಲಿ ಹೋದವರು ಹಡಗು ನೂಕಿದ್ದನ್ನು ನಾನೆಲ್ಲೂ ಓದಿಲ್ಲ.

ಶಿಗ್ಗಾಂವಿಗೆ ಇನ್ನೇನು ಬಂತು ಅನ್ನುವಾಗ ಒಂದು ಏರಿನಲ್ಲಿ ಇಳಿದು ನೂಕಿದೆವು. ಮತ್ತೆ ಹತ್ತಿ ಕೂತು ಸಾಮಾನು ಎಣಿಸಿದರೆ ಒಂದು ಸ್ಟಂಪು ಇಲ್ಲ. ಹುಡುಕಿದರೆ ಕಂಡಕ್ಟರನ ಕೈಯಲ್ಲಿತ್ತು. ಒಲೆಯ ಕೆಂಡ ಕೆದಕುತ್ತಿದ್ದ. ಅರ್ಧ ಸುಟ್ಟು ಕರಕಲಾಗಿತ್ತು.

"ಕೋಲು ಬೇಕಾಗಿತ್ರಿ, ಇಲ್ಲೇ ಬಿದ್ದಿತ್ತು" ಅಂದ.

ದೇಸಾಯರು ಅವನ ಮೇಲೆ ಕಾಯಿದೆಯ ಎಷ್ಟು ಕಲಮು ಹಾಕಬಹುದು ಅಂತ ಎಣಿಸತೊಡಗಿದರು. ನನಗೆ ಮಾತ್ರ ಹೊಟ್ಟೆಕಿಚ್ಚಾಯಿತು. ಏಳು ತಿಂಗಳಿಂದ ನನ್ನಿಂದ ಆಗದ್ದನ್ನು ಈ ಮಹಾರಾಯ ಚೆಂಡೇ ಇಲ್ಲದೆ ಮಾಡಿ ಮುಗಿಸಿದ್ದ.

ಶಿಗ್ಗಾಂವಿಯ ಚಹಾದ ಅಂಗಡಿಯಲ್ಲಿ ನಾವು ಪರದೇಶಕ್ಕೆ ಹೋಗುವವರು ಅಂತ ಗತ್ತಿನಿಂದ ಹೇಳಿದೆ. ಅಂಗಡಿಯವನಿಗೆ ಅದು ಪರಲೋಕವೆಂದು ಕೇಳಿಸಿತೋ ಏನೋ, ಗಾಬರಿಯಿಂದ, "ಯಾರರ ಸತ್ತಾರೇನ್ರಿ?" ಎಂದು ಕೇಳಿದ. ಸವಣೂರಿಗೆ ಅಂದ ಮೇಲೆ ಅವನು ಸಿಟ್ಟಿನಿಂದ ಚಹಾಕ್ಕೆ ಸಕ್ಕರೆ ಹಾಕದೆ ಕೊಟ್ಟ.

ಗಡಿ

ಶಿಗ್ಗಾಂವಿಯಿಂದ ಮುಂದೆ ಎರಡು ಚಕ್ಕಡಿ ಮಾಡಿಕೊಂಡೆವು. ಗಡಿ ಎಲ್ಲಿ ಬರುತ್ತದೆ ಅಂತ ನನಗೆ ಭಾರೀ ಕುತೂಹಲ. ಬಾಗಿಲಿರುತ್ತದೋ, ಪಹರೆಯವರು ಇರುತ್ತಾರೋ, ಏನು ಕೇಳುತ್ತಾರೋ ಅಂತ ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿದ್ದೆ. ಕೋಟಿನ ಗುಂಡಿ ಹಾಕಿಕೊಂಡೆ. ದೇಸಾಯರು ಒಂದು ಬೇವಿನ ಮರದ ಹತ್ತಿರ ಚಕ್ಕಡಿ ನಿಲ್ಲಿಸಿ, "ಇಲ್ಲಿಂದ ಮುಂದ ನಮ್ಮ ಸರಕಾರದ ಕಾಯ್ದೆ ನಡಿಯೂದಿಲ್ಲ" ಎಂದು ಘೋಷಿಸಿದರು. ನಾನು ಇಳಿದು ಬಲಗಾಲಿಟ್ಟು ಪರರಾಜ್ಯವನ್ನು ಪ್ರವೇಶಿಸಿದೆ. ಮಣ್ಣು ಅದೇ ಕರೀ ಮಣ್ಣು. ಅದೇ ಜಾಲಿ ಮುಳ್ಳು ಚಪ್ಪಲಿಗೆ ಚುಚ್ಚಿತು.

ಕುರಿ ಕಾಯುತ್ತಿದ್ದ ಮುದುಕನೊಬ್ಬ ನೋಡುತ್ತ ನಿಂತಿದ್ದ. ಗಡಿ ಇದೇ ಹೌದೋ ಅಲ್ಲವೋ ಅಂತ ಕೇಳಿದೆ.

"ಗಡಿ ಹಿಂದಕ ಹೋತಲ್ರಿ. ಅಲ್ಲೆ ಹಳ್ಳದಾಗ ನೀವು ಎತ್ತಿಗೆ ನೀರು ಕುಡಿಸಿದ್ರೆಲ್ಲ, ಅಲ್ಲಿ."

ಹಾಗಾದರೆ ನನಗಿಂತ ಮೊದಲು ಎತ್ತುಗಳು ಪರದೇಶ ಕಂಡಿದ್ದವು. ನಾನು ಚಕ್ಕಡಿಯಲ್ಲಿ ನಿದ್ದೆ ಮಾಡುತ್ತಿದ್ದೆ. ದೇಸಾಯರು ಮುದುಕನ ಮಾತಿಗೆ ಪುರಾವೆ ಇಲ್ಲ ಅಂದರು.

ಸವಣೂರು: ಊಟ

ಸವಣೂರಿನವರ ನಡಾವಳಿ ಬಗ್ಗೆ ಓದುಗರಿಗೆ ಕುತೂಹಲವಿರುತ್ತದೆ. ಹೇಳುತ್ತೇನೆ. ಅವರು ಬಂದವರ ಕೈಗೆ ಮೊದಲು ವೀಳ್ಯದ ಎಲೆ ಕೊಡುತ್ತಾರೆ, ಆಮೇಲೆ ನೀರು, ಆಮೇಲೆ ಹೆಸರು ಕೇಳುತ್ತಾರೆ. ಎಲೆಯೆಂದರೆ ಎಂಥ ಎಲೆ! ಬಾಯಲ್ಲಿಟ್ಟರೆ ಕರಗಬೇಕು. ಅವರ ತಂಡದ ನಾಯಕ ದಸ್ತಗೀರ ಸಾಹೇಬ, ಎಲೆಯ ವ್ಯಾಪಾರಿ, ನನಗಿಂತ ಹತ್ತು ವರ್ಷ ಚಿಕ್ಕವನು. ನಾನು ಅಡಿಕೆಯವನು ಅಂತ ತಿಳಿದು ಅಪ್ಪಿಕೊಂಡ.

"ನಿಮ್ಮ ಅಡಿಕಿ, ನಮ್ಮ ಎಲಿ. ನಡುವ ಸುಣ್ಣಕ್ಕ ಮಾತ್ರ ಮಂದಿ ಬೇಕು ಸಾವ್ಕಾರ್ರ" ಅಂದ.

ಆಟದ ಬಯಲಿನ ಅಂಚಿಗೆ ದೊಡ್ಡ ಹುಣಸಿ ಮರ ಅನ್ನುತ್ತಾರಲ್ಲ, ಆ ಜಾತಿಯ ಮರಗಳು. ಹೆಸರು ಹುಣಸೆ, ಬೊಡ್ಡೆ ನೋಡಿದರೆ ಆನೆಗಳು ಬೆನ್ನು ತಿರುಗಿಸಿ ನಿಂತ ಹಾಗೆ. ಮರುದಿನ ಬೆಳಿಗ್ಗೆ ನಾವು ಮೊದಲು ಆಡಿ ನೂರಾ ನಾಲ್ಕು ರನ್ನು ಮಾಡಿದೆವು. ನನ್ನದು ಅದರಲ್ಲಿ ಏನೂ ಇರಲಿಲ್ಲ. ಆಮೇಲೆ ಊಟ. ನಮಗಾಗಿ ದಸ್ತಗೀರ ಸಾಹೇಬ ನಮ್ಮವರ ಮಠದ ಅಡಿಗೆಯವರನ್ನೇ ಕರೆಸಿ, ತಾನು ದೂರ ನಿಂತು, "ಹಾಕ್ರಿ, ಇನ್ನೊಂದು ಹಾಕ್ರಿ" ಎಂದು ಉಪಚಾರ ಮಾಡುತ್ತಿದ್ದ. ಬದನೆಕಾಯಿ ಪಲ್ಯ, ಜೋಳದ ರೊಟ್ಟಿ, ಆಮೇಲೆ ಬಿಸಿ ತುಪ್ಪ ಸುರಿದ ಹೂರಣದ ಹೋಳಿಗೆ. ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿದೆ.

ನಮ್ಮ ಕಡೆ ಬೀಗರು ಎಲೆಯ ಮೇಲಿನ ಸಿಹಿಗೆ ಕೈ ಅಡ್ಡ ಹಿಡಿದರೆ ಸಂಬಂಧ ಮುರಿದಂತೆ. ದಸ್ತಗೀರ ಸಾಹೇಬನ ಮುಖ ಬಾಡಿತು.

"ಸಾವ್ಕಾರ್ರ, ನಮ್ಮಿಂದ ಏನ ತಪ್ಪಾತ್ರಿ?"

"ಏನಿಲ್ರಿ ಸಾಹೇಬರ. ಹೊಟ್ಟಿ ತುಂಬೇತಿ."

"ಹೊಟ್ಟಿ ತುಂಬಿದ್ರ ಒಂದರ ತಿಂತಾರ. ಇದು ಸಿಟ್ಟು."

ನನಗೆ ಸುಳ್ಳು ಹೇಳಲಿಕ್ಕೂ ಬರಲಿಲ್ಲ, ತಿನ್ನಲಿಕ್ಕೂ ಆಗಲಿಲ್ಲ. ಅವ್ವ ಬಾಯಿ ಕಟ್ಟಿಕೊಂಡು ಕೂತಿರುವಾಗ ನನ್ನ ಗಂಟಲಲ್ಲಿ ಅದು ಹೇಗೆ ಇಳಿಯಬೇಕು? ಕಡೆಗೆ ದೇಸಾಯರೇ ಎದ್ದು ನಿಂತು, ಕೋರ್ಟಿನಲ್ಲಿ ಹೇಳಿದಂತೆ, ಹರಕೆಯ ಕಥೆಯನ್ನೆಲ್ಲ ಹೇಳಿಬಿಟ್ಟರು. ಬರೀ ಬೇವು ತಿಂದದ್ದನ್ನೂ ಬಿಡಲಿಲ್ಲ. ಸವಣೂರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏಳು ತಿಂಗಳಾ?" ಅಂದ ದಸ್ತಗೀರ ಸಾಹೇಬ. "ಯಾ ಅಲ್ಲಾ. ಒಂದು ವಿಕೇಟಿಗೆ?" ಆಮೇಲೆ ತನ್ನ ಆಟಗಾರರನ್ನು ಮರದ ಹಿಂದೆ ಕರೆದುಕೊಂಡು ಹೋದ. ಎಲೆ ಹಾಕಿಕೊಳ್ಳಲು ಹೋದರು ಅಂತ ನಾನು ತಿಳಿದೆ.

ಸವಣೂರು: ಆಟ

ಮಧ್ಯಾಹ್ನ ಅವರ ಆಟ. ದಸ್ತಗೀರ ಸಾಹೇಬ ಮೊದಲೇ ಬಂದವನು, ಎಷ್ಟು ಮಾಡಿದರೂ ಹೋಗಲಿಲ್ಲ. ಅವರು ಆರು ವಿಕೆಟ್ಟಿಗೆ ಎಪ್ಪತ್ತೊಂದು ಮಾಡಿದಾಗ ದೇಸಾಯರು ಆಕಾಶ ನೋಡಿದರು. ನಾನು ಕೋಟು ಬಿಚ್ಚಿ ಜೋಶಿ ಮಾಸ್ತರ ಕೈಗೆ ಕೊಟ್ಟೆ.

ಎದುರಿಗೆ ಬಂದವನು ಗಡಿಯಾರ ರಿಪೇರಿ ಮಾಡುವ ಒಬ್ಬ ಎತ್ತರದ ಮನುಷ್ಯ. ನಾನು ಚೆಂಡು ಬಿಡುತ್ತಿದ್ದ ಹಾಗೆಯೇ ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು ಪಕ್ಕಕ್ಕೆ ಸರಿದು ನಿಂತ. ಮೂರು ಗೂಟಗಳು ಬಾಗಿಲು ತೆರೆದ ಗುಡಿಯ ಹಾಗೆ ಎದುರಿಗೆ ಕಂಡವು. ನನ್ನ ಚೆಂಡು ಪ್ರದಕ್ಷಿಣೆ ಹಾಕಿ ಆ ಕಡೆ ಹೋಯಿತು. ಎರಡನೆಯದೂ ಹಾಗೇ. ಮೂರನೆಯದು ಇನ್ನೂ ದೊಡ್ಡ ಪ್ರದಕ್ಷಿಣೆ. ಬೇಸತ್ತು ಅವನು ನಾಲ್ಕನೆಯದನ್ನು ಸೀದಾ ದೇಸಾಯರ ಕೈಗೆ ಬೀಳುವಂತೆ ಮೇಲಕ್ಕೆ ಹೊಡೆದ. ದೇಸಾಯರು ಚೆಂಡನ್ನು ಎರಡೂ ಕಡೆಯ ವಾದ ಕೇಳುವವರಂತೆ ನೋಡಿದರು, ಕೈಬಿಟ್ಟರು. ಅಷ್ಟರಲ್ಲಿ ಇವನು ಔಟಾದೆನೆಂದು ಸಂತೋಷದಿಂದ ಹೊರಟಿದ್ದ. ಯಾರೋ ಚೆಂಡು ಎಸೆದು ಗೂಟ ಕೆಡವಿದರು. ರನ್‌ಔಟ್.

ಎರಡನೆಯವನು ಚೆಂಡು ಬರುವ ಮೊದಲೇ ನಾಲ್ಕು ಹೆಜ್ಜೆ ಮುಂದೆ ಬಂದು ನಿಂತ. ಹೀಗೆ ನಿಂತವನನ್ನು ವಿಕೆಟ್ಟಿನ ಹಿಂದಿನವನು ಗೂಟ ಕೆಡವಿ ಔಟು ಮಾಡಿದರೆ ಅದು ಬೌಲರನ ಲೆಕ್ಕಕ್ಕೆ ಬರುತ್ತದೆ. ಆದರೆ ನನ್ನ ಚೆಂಡು ಎಂದೂ ತನ್ನವರೆಗೆ ಬರುವುದಿಲ್ಲವೆಂದು ನಮ್ಮ ಚನ್ನಪ್ಪ ಗೂಟದ ಹಿಂದೆ ಕೂತೇ ಬಿಟ್ಟಿದ್ದ. ಚೆಂಡು ಅವನ ತೊಡೆಗೆ ಬಡಿದು ಉರುಳಿತು. ಇವನು ಮರ್ಯಾದೆಯಿಂದ ಅಲ್ಲೇ ಕಾಯುತ್ತ ನಿಂತ. ಜನ್ಮದಲ್ಲಿ ಗುರಿ ಹೊಡೆಯದ ನಮ್ಮ ಇನ್ನೊಬ್ಬ ಆಟಗಾರ ದೂರದಿಂದ ಎಸೆದ ಚೆಂಡು ಸೀದಾ ಗೂಟಕ್ಕೆ ಬಿತ್ತು. ಮತ್ತೆ ರನ್‌ಔಟ್. ಜೋಶಿ ಮಾಸ್ತರು ತಲೆ ಹಿಡಿದುಕೊಂಡರು.

ಮೂರನೆಯವನು ಒಬ್ಬ ಪೈಲ್ವಾನ. ಅವನು ನನ್ನ ಚೆಂಡನ್ನು ಪ್ರಸಾದ ಕೊಟ್ಟಂತೆ ಮೆಲ್ಲಗೆ ತಿರುಗಿ ನನ್ನ ಕೈಗೇ ಹೊಡೆದ. ಆತುರಕ್ಕೆ ಅದೂ ಕೈಜಾರಿ ಕೆಳಗೆ ಬಿತ್ತು. ಪೈಲ್ವಾನ ಓಡಿ ಬಂದು ತಾನೇ ಅದನ್ನು ಎತ್ತಿ ಕೈಗಿಟ್ಟ.

"ತಗೋರಿ ಕಾಕಾ, ಸಾವಕಾಶ ಹಿಡೀರಿ. ಅವ್ವಾರ ಸಲುವಾಗಿ."

ಅಷ್ಟರಲ್ಲಿ ದೇಸಾಯರು, "ಒಗೀರಿ!" ಎಂದು ಕೂಗಿದರು. ಬೆಚ್ಚಿಬಿದ್ದು ಒಗೆದೆ. ಚನ್ನಪ್ಪ ಗೂಟ ಕೆಡವಿದ. ರನ್‌ಔಟ್. ಮಾಡಿದವನು ನಾನೇ, ಆದರೂ ನನ್ನದಲ್ಲ.

ಆಗ ನನಗೆ ಮರದ ಹಿಂದಿನ ಮಸಲತ್ತು ಹೊಳೆಯಿತು. ಮೈಯೆಲ್ಲ ಉರಿದುಹೋಯಿತು. ಸೀದಾ ದಸ್ತಗೀರ ಸಾಹೇಬನ ಹತ್ತಿರ ಹೋದೆ.

"ಏನ್ರಿ ಸಾಹೇಬರ, ನನಗ ಭಿಕ್ಷಾ ಹಾಕಾಕತ್ತೀರೇನು?"

"ಭಿಕ್ಷಾ ಅಲ್ರಿ. ಒಂದು ವಿಕೇಟ ಅವ್ವಾರಿಗೆ, ಪಂದ್ಯ ನಮಗ ಅಂತ ಮಾತಾಡಿದ್ವಿ. ನೀವು ಒಂದನ್ನೂ ತಗೋವಲ್ರಿ, ನಾವೇನು ಮಾಡೂಣು?"

"ನಮ್ಮವ್ವ ಹರಕಿ ಹೊತ್ತಿದ್ದು ನಾ ತಗೊಂಡ ವಿಕೇಟಿಗೆ. ನೀವು ಕೊಟ್ಟದ್ದನ್ನ ಒಯ್ದು ಆಕಿ ಮುಂದ ಹೆಂಗ ನಿಂದರಲಿ? ದೇವರಿಗೆ ಮೋಸ, ಅವ್ವಗೂ ಮೋಸ. ಬ್ಯಾಡ್ರಿ, ಕೈ ಮುಗಿತೇನಿ."

ಅವನು ಬ್ಯಾಟನ್ನು ನೆಲಕ್ಕೆ ಊರಿದ.

"ಖರೆ ಐತ್ರಿ ನಿಮ್ಮ ಮಾತು. ನನ್ನ ಅಮ್ಮಿಯೂ ಹಂಗ ಅಂತಾಳ. ಈಗ ನಾನೊಬ್ಬನ ಉಳದೇನಿ. ನಾ ಹೋದ್ರ ನಮ್ಮ ಸಂಸ್ಥಾನ ಸೋಲತೈತಿ. ಅದಕ್ಕ ನಾ ಬಿಡಂಗಿಲ್ಲ, ಆಡತೇನಿ. ನೀವೂ ಬಿಡಬ್ಯಾಡ್ರಿ."

ಒಂಬತ್ತು ವಿಕೆಟ್ಟಿಗೆ ತೊಂಬತ್ತನಾಲ್ಕು. ಗೆಲ್ಲಲು ಅವರಿಗೆ ಹನ್ನೊಂದು ಬೇಕು. ನನ್ನ ಮುಂದಿನ ಚೆಂಡನ್ನು ಅವನು ಹೇಗೆ ಬಾರಿಸಿದನೆಂದರೆ ಅದು ಹುಣಸಿ ಮರದ ಪೊಟರೆಗೆ ಹೋಗಿ ಬಿತ್ತು. ಆರು ರನ್ನು. ಕೋಲಿಗೆ ಕೊಕ್ಕೆ ಕಟ್ಟಿ ಚೆಂಡು ತೆಗೆಯುವ ತನಕ ಎರಡೂ ತಂಡದವರು ಎಲೆ ಹಾಕಿಕೊಂಡರು. ಇನ್ನು ಐದು ಬೇಕು. ನನಗೆ ಗೂಟ ಕಾಣಲಿಲ್ಲ, ದಸ್ತಗೀರ ಕಾಣಲಿಲ್ಲ. ಬೇವು ಅಗಿಯುವ ಅವ್ವನ ಮುಖ ಕಂಡಿತು. ವೀರಭದ್ರಾ ಅಂದವನೇ ಪೆಂಟೆ ಎಸೆದ ಹಾಗೆ ಎಸೆದೆ.

ಅದು ಮೇಲೆ ಹೋಯಿತು. ಇಷ್ಟು ಮೇಲೆ ನನ್ನ ಚೆಂಡು ಹಿಂದೆಂದೂ ಹೋಗಿರಲಿಲ್ಲ. ದಸ್ತಗೀರ ಸಾಹೇಬ ಕತ್ತೆತ್ತಿ ನೋಡಿದ, ಇಳಿಬಿಸಿಲು ಕಣ್ಣಿಗೆ ಹೊಡೆಯಿತು. ಬಂತೆಂದು ಬೀಸಿದ, ಚೆಂಡು ಇನ್ನೂ ಮೇಲೆಯೇ ಇತ್ತು. ಸಾವರಿಸಿಕೊಂಡು ಎರಡನೆಯ ಸಲ ಬೀಸಿದ, ಈಗ ಅದು ಅವನ ಬೆನ್ನ ಹಿಂದೆ ಇಳಿಯುತ್ತಿತ್ತು. ಮರದಿಂದ ಕಾಯಿ ಉದುರಿದಂತೆ ಸೀದಾ ಗೂಟಗಳ ತಲೆಯ ಮೇಲೆ ಬಿತ್ತು. ಅರ್ಧ ಸುಟ್ಟ ಸ್ಟಂಪು ಮುರಿದೇ ಹೋಯಿತು.

ಮೊದಲು ಕೂಗಿದವರು ಸವಣೂರಿನವರು. ಸೋತವರು ಗೆದ್ದವರನ್ನು ಹೊತ್ತುಕೊಂಡು ಕುಣಿದದ್ದನ್ನು ನಾನು ಆ ಪರದೇಶದಲ್ಲಿ ಮಾತ್ರ ಕಂಡಿದ್ದೇನೆ. ಪೈಲ್ವಾನನ ಹೆಗಲ ಮೇಲೆ ಕೂತು ನಾನು ಹಸುಗೂಸಿನಂತೆ ಅತ್ತೆ.

ಕೆಳಗಿನಿಂದ ಜೋಶಿ ಮಾಸ್ತರು ಕಣ್ಣೊರೆಸಿಕೊಳ್ಳುತ್ತ ಕೂಗಿದರು.

"ಶಿವಬಸಪ್ಪನವರ, ಭಾಗಾಕಾರ ಆತ್ರಿ! ಇಪ್ಪತ್ತೇಳು ಕೂಡಿಸಿ ಇನ್ನೂರಾ ಹದಿನಾಲ್ಕು. ಒಂದರಿಂದ ಭಾಗಿಸಿದ್ರ ಇನ್ನೂರಾ ಹದಿನಾಲ್ಕು!"

"ಅದು ಚಲೋನ್ರಿ ಮಾಸ್ತರ?"

"ಇಡೀ ಜಿಲ್ಲಾದಾಗ ಇಷ್ಟು ಕೆಟ್ಟ ಸರಾಸರಿ ಯಾರದೂ ಇರಾಕಿಲ್ಲ. ನಿನ್ನಿ ತನಕಾ ನಿಮ್ಮನ್ನ ಕೆಟ್ಟವರು ಅನ್ನಾಕ ಗಣಿತದಾಗ ಆಧಾರ ಇರಲಿಲ್ರಿ. ಇವತ್ತು ಸಿಕ್ತು!"

ಮರಳಿ ಹಾನಗಲ್

ಸುದ್ದಿ ಕೇಳಿ ಗಂಗವ್ವ ಕಡಲೆಬೇಳೆ ಬೇಯಲು ಇಟ್ಟೇಬಿಟ್ಟಳು. ಅಂಗಡಿಯಿಂದ ಒಳ್ಳೆಯ ಪೆಂಟೆ ಆರಿಸಿ ತಂದೆ. ಮನೆಯಲ್ಲಿ ಏಳು ತಿಂಗಳ ಮೇಲೆ ಹೂರಣದ ವಾಸನೆ. ಅವ್ವ ದೇವರಿಗೆ ಎಡೆ ಹಿಡಿದು, ತಾಟಿನ ಮುಂದೆ ಕೂತು, ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿದಳು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ತುತ್ತು ತುಟಿಯ ಹತ್ತಿರ ಹೋಗಿ ನಿಂತಿತು.

"ಔಟಾದಾವಗ ಅವ್ವ ಅದಾಳೇನೋ?"

"ಅದಾಳವ್ವ. ಯಾಕ?"

"ಪಾಪ, ಮಗಾ ಸೋತು ಮನಿಗೆ ಬಂದಾನ. ಇನ್ನ ಆಕಿ ಏನು ಬಿಟ್ಟಾಳೋ ಏನೋ. ನನ್ನ ಹರಕಿ ತೀರೂದಕ್ಕ ಆಕಿ ಹೊಟ್ಟಿ ಉರೀಬಾರದು." ತುತ್ತನ್ನು ತಾಟಿಗೆ ಇಟ್ಟಳು. "ಮೊದಲ ಆಕೀಗೆ ಒಯ್ದು ಕೊಡು. ಆಕಿ ತಿಂದ್ಲು ಅಂತ ಬಂದು ಹೇಳು, ಆಮ್ಯಾಲ ನಾ ತಿಂತೇನಿ."

"ಅವ್ವಾ, ಪರದೇಶ ಅದು!"

"ನೀ ಈಗ ಹೋಗಿ ಬಂದಿಯಲ್ಲ, ಹಾದಿ ಗೊತ್ತೈತಿ."

ಮತ್ತೆ ಸವಣೂರು

ಹೋಳಿಗೆಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಮತ್ತೆ ಅದೇ ಬಸ್ಸು, ಅದೇ ಹೊಗೆ, ಅದೇ ಏರು. ದಸ್ತಗೀರ ಸಾಹೇಬನ ಮನೆಯಲ್ಲಿ ಅವನ ತಾಯಿ ಪರದೆಯ ಆಚೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಬುಟ್ಟಿಯನ್ನು ಒಳಗೆ ಎಳೆದುಕೊಂಡ ಸದ್ದಾಯಿತು. ಸದ್ಯ, ಮುಗಿಯಿತು ಅಂದುಕೊಂಡೆ. ಆಗ ದನಿ ಬಂತು.

"ನಿಮ್ಮವ್ವ ತಿಂದ್ಲೇನಪಾ?"

"ಇಲ್ರಿ. ನೀವು ತಿಂದ ಮ್ಯಾಲ ತಿಂತಾಳಂತ."

"ತೋಬಾ ತೋಬಾ! ಏಳು ತಿಂಗಳು ಬಾಯಿ ಕಟ್ಟಿದಾಕಿ ಆಕಿ. ಆಕೀಕಿಂತ ಮೊದಲ ನಾ ತಿನ್ನೂದಾ? ಆಕಿ ತಿಂದ್ಲು ಅಂತ ಬಂದು ಹೇಳು. ಆಮ್ಯಾಲ ನಾ ತಿಂತೇನಿ."

ಬುಟ್ಟಿ ಹೊರಗೆ ಬಂತು. ನಾನೂ ದಸ್ತಗೀರನೂ ಒಬ್ಬರ ಮುಖ ಒಬ್ಬರು ನೋಡಿದೆವು. ಎರಡು ರಾಜ್ಯಗಳಲ್ಲಿ ಇಬ್ಬರು ಮುದುಕಿಯರು ಹಟ ಹಿಡಿದು ಕೂತರೆ ನಡುವೆ ಹೋಳಿಗೆ ಬೂಸರು ಬರುವುದೊಂದೇ ದಾರಿ.

"ನಾಳೆ ಇಬ್ಬರನ್ನೂ ಶಿಗ್ಗಾಂವಿಗೆ ಕರಕೊಂಡು ಬರೂಣು" ಅಂದ ದಸ್ತಗೀರ. "ಅಲ್ಲೆ ಒಮ್ಮೆಲೆ ತಿನ್ನಲಿ."

ಕಡೆಗೆ ಶಿಗ್ಗಾಂವಿ

ಅವ್ವ ಜೀವಮಾನದಲ್ಲಿ ಮೊದಲ ಸಲ ಬಸ್ಸು ಹತ್ತಿದಳು. ಏರಿನಲ್ಲಿ ಎಲ್ಲರೂ ಇಳಿದರೂ ಅವಳು ಇಳಿಯಲಿಲ್ಲ, ನಾವು ಅವಳನ್ನೂ ಕೂಡಿಸಿ ನೂಕಿದೆವು. ಶಿಗ್ಗಾಂವಿಯಲ್ಲಿ ಪರದೆ ಕಟ್ಟಿದ ಸವಾರಿ ಬಂಡಿ ಬೇವಿನ ಮರದ ಕೆಳಗೆ ಕಾಯುತ್ತಿತ್ತು. ಗಂಗವ್ವ ಹೊಸದಾಗಿ ಮಾಡಿಕೊಟ್ಟ ಹೋಳಿಗೆಯ ಬುಟ್ಟಿ ಹಿಡಿದು ಅವ್ವ ಒಳಗೆ ಹೋದಳು. ಪರದೆ ಬಿತ್ತು.

ನಾವಿಬ್ಬರು ಹೊರಗೆ ನಿಂತೆವು. ಒಳಗೆ ಪಿಸುಮಾತು. ಆಮೇಲೆ ಬಳೆಯ ಸದ್ದು. ಆಮೇಲೆ ಏನೂ ಇಲ್ಲ. ನನಗೆ ಪಂದ್ಯದ ದಿನ ಕೂಡ ಇಷ್ಟು ಎದೆ ಹೊಡೆದುಕೊಂಡಿರಲಿಲ್ಲ.

"ಅಮ್ಮೀ, ತಿಂದ್ರ್ಯಾ?" ಎಂದು ದಸ್ತಗೀರ ಮೆಲ್ಲಗೆ ಕೇಳಿದ.

"ಸುಮ್ಕಿರೋ!" ಎರಡು ತುಂಬಿದ ಬಾಯಿಗಳು ಒಟ್ಟಿಗೆ ಗದರಿದವು.

ದಸ್ತಗೀರ ನನ್ನ ಕೈ ಹಿಡಿದುಕೊಂಡ. ಇಬ್ಬರೂ ಹುಚ್ಚರ ಹಾಗೆ ನಕ್ಕೆವು. ಬಂಡಿಯವನು ಎತ್ತುಗಳ ಕಡೆ ತಿರುಗಿ ನಿಂತ.

ಬಹಳ ಹೊತ್ತಿನ ಮೇಲೆ ಅವ್ವ ಇಳಿದು ಬಂದಳು. ಬುಟ್ಟಿ ಖಾಲಿಯಾಗಿತ್ತು. ಗದ್ದಕ್ಕೆ ಹೂರಣ ಮೆತ್ತಿತ್ತು.

"ಯಾರು ಮೊದಲ ತಿಂದ್ರಿ ಅವ್ವಾ?" ಅಂದೆ.

"ಮೊದಲೂ ಇಲ್ಲ, ಕಡೀಕೂ ಇಲ್ಲ. ಆಕಿ ನನ್ನ ಬಾಯಾಗ ಇಟ್ಲು, ನಾ ಆಕಿ ಬಾಯಾಗ ಇಟ್ಟೆ."

ನಾನು ಬೆರಗಾಗಿ ನಿಂತೆ. ನನ್ನ ಅವ್ವ ಮನೆಯ ಹೊರಗೆ ಇನ್ನೊಬ್ಬರ ಕೈಯ ನೀರನ್ನು ಮುಟ್ಟಿದವಳಲ್ಲ. ಸ್ವಂತ ಬೀಗರ ಮನೆಗೆ ಹೋದರೂ ಬುತ್ತಿ ಕಟ್ಟಿಕೊಂಡು ಹೋಗುವವಳು. ಇಷ್ಟೆಲ್ಲ ನನ್ನ ಒಂದು ಚೆಂಡಿನಿಂದ ಆಯಿತಲ್ಲ ಅಂತ ಹೆಮ್ಮೆಯೂ ಆಯಿತು. ಅವಳು ಒಮ್ಮೆ ಬೆನ್ನು ಚಪ್ಪರಿಸಿದರೆ ಸಾಕಾಗಿತ್ತು.

"ಅವ್ವಾ, ಹರಕಿ ತೀರಿತಲ್ಲ? ಖುಷಿ ಆತಿಲ್ಲೋ ನಿನಗ?"

ಅವ್ವ ದಸ್ತಗೀರನ ಹತ್ತಿರ ಹೋಗಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಎರಡೂ ಕೈಯಿಂದ ಅವನ ಕೆನ್ನೆ ಸವರಿ, ದೃಷ್ಟಿ ಹೋಗಲೆಂದು ಲಟಿಗೆ ಮುರಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಕಣ್ಣು ಕೆಂಪಾಗಿದ್ದವು.

"ಆಕಿ ತವರುಮನಿ ಹಿರೇಕೆರೂರಂತೋ. ನಂದು ಹಂಸಭಾವಿ. ಸಣ್ಣವರಿದ್ದಾಗ ಒಂದ ಸಂತ್ಯಾಗ ಬಳಿ ಇಟಗೊಂಡೇವಿ. ಅಂದ ಮ್ಯಾಲ ಆಕಿ ನನಗ ತಂಗಿ ಆದ್ಲು, ಇಂವ ನಿನಗ ತಮ್ಮ ಆದ. ಏ ಖೋಡಿ, ಊರಾಗಿನ ಮಂದೀನ್ನೆಲ್ಲ ಬಿಟ್ಟು, ಹೋಗಿ ಹೋಗಿ ನಿನ್ನ ತಮ್ಮನ್ನ ಔಟ ಮಾಡಿ ಬಂದಿಯಲ್ಲೋ, ನಾಚಿಕಿ ಬರೂದಿಲ್ಲೇನು ನಿನಗ?"